ರೊಟ್ಟಿ ಬುಟ್ಟಿ ಅಕ್ಕ

ಹಾವೇರಿಯ ರೈಲು ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ. 2019ರ ಜೂನ್‌ನಲ್ಲಿ ಎರಡು ಸೂಟ್‌ಕೇಸು, ಒಂದು ತುಳಸಿ ಕುಂಡ ಹಿಡಿದು ಅಲ್ಲಿ ಇಳಿದಾಗ ನಾನು ಆ ಫಲಕ ಓದಲೂ ಇಲ್ಲ. ಬ್ಯಾಂಕಿನ ನೌಕರಿ. ನಂಜನಗೂಡು, ತಿಪಟೂರು, ವಿಜಯಪುರ, ಶಿರಸಿ ಮುಗಿಸಿ ಇದು ಐದನೇ ಊರು. ಎಲ್ಲ ಕಡೆ ಹಾಲಿನವನು, ಗ್ಯಾಸಿನವನು, ಮಗಳ ಶಾಲೆ ಆಟೊದವನು, ಇಷ್ಟೇ ನಮ್ಮ ಬಳಗ. ಇಲ್ಲಿ ಬಾಡಿಗೆ ಮನೆ ಕೇಳಿದಲ್ಲೆಲ್ಲ ‘ನೀವು ಯಾವ ಪೈಕಿ ರೀ?’ ಎಂದರು. ಐದನೇ ಊರಿನ ಹೊತ್ತಿಗೆ ಇಂಥದ್ದಕ್ಕೆಲ್ಲ ಬೇಜಾರಾಗುವುದೂ ನಿಂತಿರುತ್ತದೆ.

ಆಗಸ್ಟ್‌ನಲ್ಲಿ ವರದೆಯೂ ತುಂಗಭದ್ರೆಯೂ ಉಕ್ಕಿದವು. ದಂಡೆಯ ಊರುಗಳ ಮಂದಿ ಶಾಲೆ, ಸಮುದಾಯ ಭವನ ಸೇರಿದರು. ಒಂದು ಮುಂಜಾನೆ ಬಾಗಿಲು ಬಡಿದ ಹೆಂಗಸು ಹೆಸರು ಹೇಳಲಿಲ್ಲ, ಕೇಳಲಿಲ್ಲ. ‘ಅಕ್ಕಾರ, ರೊಟ್ಟಿ ಕೊಡ್ತೀರೇನ್ರಿ? ನೆರಿ ಮಂದಿಗೆ.’ ನಾನು ಹಳೇ ಮೈಸೂರಿನವಳು. ರೊಟ್ಟಿ ತಟ್ಟಲು ಬರುವುದಿಲ್ಲ ಎಂದೆ. ಆಕೆ ಒಂದು ಗಳಿಗೆ ನೋಡಿ, ‘ಬುಟ್ಟಿ ಹಿಡಿಯಾಕ ಬರ್ತೈತಲ್ರಿ?’ ಎಂದಳು.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವತ್ತು ನಲವತ್ತು ಮನೆ ತಿರುಗಿರಬೇಕು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು, ಕಾಸಬೇಕಿಲ್ಲ, ಶೇಂಗಾ ಚಟ್ನಿ ಉದುರಿಸಿಕೊಂಡರೆ ಊಟವಾಯಿತು. ಒಲೆಯೇ ಹೊತ್ತದ ಕಡೆ ಇದಕ್ಕಿಂತ ಬುದ್ಧಿವಂತ ಅನ್ನ ನನಗೆ ಗೊತ್ತಿಲ್ಲ. ಎಣಿಸಿ ಹತ್ತರ ಕಟ್ಟು ಮಾಡುವುದು ನನ್ನ ಪಾಲಿಗೆ ಬಂತು, ಬ್ಯಾಂಕಿನವಳಲ್ಲವೇ! ಯಾವ ಮನೆಯಲ್ಲಿ ಅತ್ತೆ ಜೋರು, ಯಾರ ಮಗಳಿಗೆ ಗಂಡು ಗೊತ್ತಾಗಿದೆ, ಎಲ್ಲ ಎಣಿಸುತ್ತಲೇ ತಿಳಿಯಿತು. ‘ಯಾವ ಪೈಕಿ’ ಎಂಬ ಪ್ರಶ್ನೆ ಆಮೇಲೂ ಬಂತು. ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ತಿಂಗಳು ತಡವಾಗಿ, ಚಹಾ ಕುಡಿಯುತ್ತ ಬಂತು. ಆ ಹೊತ್ತಿಗೆ ಉತ್ತರದಿಂದ ಇಬ್ಬರಿಗೂ ಆಗಬೇಕಾದ್ದೇನೂ ಇರಲಿಲ್ಲ.

ಬಾಳೆಹಣ್ಣು ಕೊಟ್ಟು ಫೋಟೊ ತೆಗೆಸಿಕೊಂಡು ಹೋದವರೂ ಇದ್ದರು. ಅವರಿಗೆ ಗೆಳೆಯರು ಸಿಕ್ಕಿದ್ದು ಅನುಮಾನ. ಖಾಲಿ ಬುಟ್ಟಿ ತಿರುಗಿ ಒಯ್ಯುವಾಗಲೇ ಮಾತು ಬಿಚ್ಚಿಕೊಳ್ಳುವುದು.

ರೊಟ್ಟಿ ಕಟ್ಟು ಹೊತ್ತು ಹೊಸರಿತ್ತಿ ಕಡೆ ಹೋದ ದಿನ ಟೆಂಪೊದಲ್ಲಿ ಕುಳಿತು, ನಿಲ್ದಾಣದ ಫಲಕದ ಆ ಮಹಾದೇವಪ್ಪನವರ ಕಥೆ ಕೇಳಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಹುಡುಗ. ಹದಿನೆಂಟರಲ್ಲಿ ಸಾಬರಮತಿಯಲ್ಲಿದ್ದು, 1930ರ ಮಾರ್ಚ್ 12ರಂದು ಗಾಂಧೀಜಿ ಜೊತೆ ದಂಡಿಗೆ ಹೊರಟ ತಂಡದಲ್ಲಿ ಸೇರಿದವರು. ಇಪ್ಪತ್ನಾಲ್ಕು ದಿನ ಪರಪ್ರಾಂತದವರ ನಡುವೆ ನಡಿಗೆ. ಕನ್ನಡದಲ್ಲಿ ಮಾತಾಡಲು ಪಕ್ಕದಲ್ಲಿ ಯಾರಿದ್ದರೋ! ಮುಂದೆ ಹೆಂಡತಿ ಸಿದ್ದಮ್ಮನವರೊಂದಿಗೆ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. 1943ರ ಏಪ್ರಿಲ್ 1ರಂದು ಇದೇ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದಾಗ ಜೊತೆಯಲ್ಲಿ ಪ್ರಾಣ ಕೊಟ್ಟವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಈ ಮೂರು ಹೆಸರನ್ನು ಇಲ್ಲಿಯವರು ಇಂದಿಗೂ ಒಟ್ಟಿಗೇ ಹೇಳುತ್ತಾರೆ.

ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಕಚೇರಿಗಳ ಹಿಂದೆಯೇ ನನ್ನಂತೆ ವರ್ಗವಾದ ಮಂದಿಯೂ ಬಂದರು. ಶನಿವಾರ ಊರಿಗೆ ಓಡಿ ಸೋಮವಾರ ಮರಳುವವರಿಗೆ ಮೂರು ವರ್ಷವಾದರೂ ಊರು ಲಾಡ್ಜಿನಂತೆಯೇ. ನಾನೂ ಹಾಗೇ ಇದ್ದೆ, ದೂರಲಾರೆ.

2022ರಲ್ಲಿ ರಾಣೆಬೆನ್ನೂರಿಗೆ ವರ್ಗವಾಯಿತು. ಕೃಷ್ಣಮೃಗಗಳ ಅಭಯಾರಣ್ಯ, ಬೀಜದ ಅಂಗಡಿಗಳ ಸಾಲು, ಮತ್ತೆ ಹೊಸ ಬೀದಿ. ಸಾಮಾನು ಬಿಚ್ಚುವ ಮೊದಲೇ ಹಾವೇರಿಯಿಂದ ಫೋನು: ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲನೊಬ್ಬ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿದ್ದಾನೆ, ಬಿ ನೆಗೆಟಿವ್ ರಕ್ತ ಬೇಕು. ನನ್ನದು ಅದೇ. ರಕ್ತ ಕೊಟ್ಟು ಹೊರಬಂದರೆ ಅವನ ಹೆಂಡತಿ ಕೂತಿದ್ದಳು. ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸದವಳು, ಸೆರಗಿನಲ್ಲಿ ಇನ್ನೂ ಮೆಣಸಿನ ಘಾಟು. ನಾನು ಸೀನಿದೆ, ಅವಳು ನಕ್ಕಳು. ನಾಲ್ಕು ತಿಂಗಳಾದ ಮೇಲೆ ಮತ್ತೆ ಕೊಡಬಹುದು ಎಂದು ನರ್ಸ್ ಹೇಳಿದ್ದನ್ನು ನನಗಿಂತ ಚೆನ್ನಾಗಿ ನೆನಪಿಟ್ಟವಳೂ ಅವಳೇ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ. ಒಂದು ದಿನ ರಜೆ ಹಾಕಿ ಹೋದವಳು ಗೋಷ್ಠಿಯೊಂದನ್ನೂ ಕೇಳಲಿಲ್ಲ. ಊಟದ ಸಾಲಿನಲ್ಲಿ ಬುಟ್ಟಿ ಬಳಗ ಪೂರ್ತಿ ನಿಂತಿತ್ತು.

ಅವತ್ತೇ ನಮ್ಮ ಫೋನುಗಳ ಗುಟ್ಟು ರಟ್ಟಾಯಿತು. ಅಂದು ಮುಂಜಾನೆ ಬಾಗಿಲು ಬಡಿದಾಕೆ ನನ್ನದರಲ್ಲಿ ಇನ್ನೂ ‘ರೊಟ್ಟಿ ಬುಟ್ಟಿ ಅಕ್ಕ’. ನಾಚಿಕೆಯಿಂದ ತೋರಿಸಿದೆ. ಆಕೆ ತನ್ನದನ್ನು ತೆಗೆದು ಮುಂದೆ ಹಿಡಿದಳು: ‘ರೊಟ್ಟಿ ಬರದ ಅಕ್ಕಾರು’.