ಪೇಸ್ಟ್ ಜಾಸ್ತಿ ಹಾಕಿದ್ರೆ ಲ್ಯಾಪ್‌ಟಾಪ್ ಜಾಸ್ತಿ ತಣ್ಣಗಾಗುತ್ತಾ?

ಮೂರ್ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪ್‌ಗಳ ಕಥೆ ನಮ್ಮಲ್ಲಿ ಹೆಚ್ಚುಕಮ್ಮಿ ಒಂದೇ. ಸಿಮ್ಯುಲೇಷನ್ ರನ್ ಮಾಡಿದ ಕೂಡಲೇ ಫ್ಯಾನ್ ಕೂಗೋಕೆ ಶುರು, ಐದು ನಿಮಿಷಕ್ಕೆ ಎಲ್ಲವೂ ನಿಧಾನ. ‘ಪ್ರೊಸೆಸರ್ ಹಳೇದಾಯ್ತು, ಹೊಸ ಲ್ಯಾಪ್‌ಟಾಪ್ ಬೇಕು’ ಅಂತ ಮನೆಗೆ ಫೋನ್ ಮಾಡೋ ಮುಂಚೆ ಒಂದು ವಿಷಯ ತಿಳ್ಕೊಳ್ಳೋಣ. ಪ್ರೊಸೆಸರ್‌ಗೆ ಅಷ್ಟು ಬೇಗ ವಯಸ್ಸಾಗಲ್ಲ. ಅದರ ಮೇಲೆ ಹಚ್ಚಿರೋ ಥರ್ಮಲ್ ಪೇಸ್ಟ್‌ಗೆ ಆಗುತ್ತೆ.

ಪ್ರೊಸೆಸರ್‌ನ ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದು ತನ್ನನ್ನು ಕಾಪಾಡಿಕೊಳ್ಳೋಕೆ ವೇಗ ಇಳಿಸುತ್ತೆ. ಇದೇ ಥರ್ಮಲ್ ಥ್ರಾಟ್ಲಿಂಗ್. ಅಂದರೆ ಚಿಪ್‌ಗೆ ಶಕ್ತಿ ಇದೆ, ಆದರೆ ಅದರ ಶಾಖ ಹೊರಗೆ ಹೋಗ್ತಿಲ್ಲ.

ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ? ಚಿಪ್‌ನ ಮೇಲ್ಮೈ ಮತ್ತು ಅದರ ಮೇಲೆ ಕೂರುವ ತಾಮ್ರದ ತಟ್ಟೆ ಎರಡೂ ಕಣ್ಣಿಗೆ ನುಣುಪಾಗಿ ಕಾಣುತ್ತವೆ. ಮೈಕ್ರಾನ್ ಲೆಕ್ಕದಲ್ಲಿ ನೋಡಿದರೆ ಎರಡರಲ್ಲೂ ಗುಡ್ಡ, ಹಳ್ಳ. ಒಂದರ ಮೇಲೊಂದು ಇಟ್ಟಾಗ ಅಲ್ಲಲ್ಲಿ ಮಾತ್ರ ತಾಗುತ್ತವೆ, ಉಳಿದ ಕಡೆ ಗಾಳಿ. ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ಗಾಳಿಯದು ಬರೀ 0.025. ಹದಿನಾರು ಸಾವಿರ ಪಟ್ಟು ವ್ಯತ್ಯಾಸ! ಪೇಸ್ಟ್ ಬರೋದು ಈ ಹಳ್ಳ ತುಂಬೋಕೆ. ಸಿಲಿಕೋನ್ ತರಹದ ಎಣ್ಣೆಯಲ್ಲಿ ಜಿಂಕ್ ಆಕ್ಸೈಡ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಪುಡಿ ಕಲಸಿರುತ್ತಾರೆ.

ಪೇಸ್ಟ್‌ನ ವಾಹಕತೆ ಎಷ್ಟು? 5 ಅಂತ ಇಟ್ಕೊಳ್ಳಿ. ಗಾಳಿಗಿಂತ 200 ಪಟ್ಟು ಒಳ್ಳೇದು, ಆದರೆ ತಾಮ್ರಕ್ಕಿಂತ 80 ಪಟ್ಟು ಕೆಟ್ಟದ್ದು. ಎಲ್ಲ ಗೊಂದಲ ಇರೋದು ಇಲ್ಲೇ. ಗೋಡೆಗೆ ಬಣ್ಣ ಹೊಡೆಯೋ ಮುಂಚೆ ಪುಟ್ಟಿ ಹಾಕ್ತಾರಲ್ಲ, ಹಾಗೆ. ಪುಟ್ಟಿ ಗುಂಡಿ ಮುಚ್ಚಬೇಕು, ಪುಟ್ಟಿಯಲ್ಲೇ ಗೋಡೆ ಕಟ್ಟಬಾರದು.

ಪಿಯುಸಿಯಲ್ಲಿ ಓದಿದ ಸೂತ್ರ ಹಾಕಿ ನೋಡೋಣ: ಉಷ್ಣತೆಯ ವ್ಯತ್ಯಾಸ ಅಂದರೆ, ಪವರ್ ಗುಣಿಸು ದಪ್ಪ, ಭಾಗಿಸು ವಾಹಕತೆ ಗುಣಿಸು ವಿಸ್ತೀರ್ಣ. ಚಿಪ್ 30 ವ್ಯಾಟ್, ವಿಸ್ತೀರ್ಣ 1.5 ಚದರ ಸೆಂಟಿಮೀಟರ್ ಇರಲಿ. ಪೇಸ್ಟ್ 50 ಮೈಕ್ರಾನ್ ಇದ್ದರೆ ಅದರಿಂದಾಗುವ ವ್ಯತ್ಯಾಸ 2 ಡಿಗ್ರಿ. ಅರ್ಧ ಮಿಲಿಮೀಟರ್ ಇದ್ದರೆ 20 ಡಿಗ್ರಿ. ಆ 50 ಮೈಕ್ರಾನ್‌ನಲ್ಲಿ ಬರೀ ಗಾಳಿಯೇ ಇದ್ದರೆ 400 ಡಿಗ್ರಿ! ನಿಜದಲ್ಲಿ ಅಷ್ಟಾಗಲ್ಲ, ಯಾಕಂದ್ರೆ ಕೆಲವು ಕಡೆ ಲೋಹ ತಾಗಿರುತ್ತೆ, ಅದಕ್ಕೂ ಮುಂಚೆ ಚಿಪ್ ವೇಗ ಇಳಿಸಿ ಆಫ್ ಆಗುತ್ತೆ. ಆದರೂ ಲೆಕ್ಕ ಹೇಳೋದು ಸ್ಪಷ್ಟ: ಪೇಸ್ಟ್ ಇರಲೇಬೇಕು, ತೆಳ್ಳಗಿರಲೇಬೇಕು. ಅತಿಯಾದರೆ ಅಮೃತವೂ ವಿಷ.

ಹಾಗಾದರೆ ಪೇಸ್ಟ್ ಕೆಡೋದು ಹೇಗೆ? ಚಿಪ್ ದಿನಾ ಹತ್ತಾರು ಸಲ ಬಿಸಿಯಾಗಿ ತಣ್ಣಗಾಗುತ್ತೆ. ಪ್ರತಿ ಸಲ ಲೋಹ ಸ್ವಲ್ಪ ಹಿಗ್ಗಿ ಕುಗ್ಗುವಾಗ ಪೇಸ್ಟ್ ನಡುವಿನಿಂದ ಅಂಚಿಗೆ ಸರಿಯುತ್ತೆ. ಎಣ್ಣೆಯ ಅಂಶವೂ ಕ್ರಮೇಣ ಬೇರೆಯಾಗಿ ಪೇಸ್ಟ್ ಒಣಗುತ್ತೆ. ಖಾಲಿಯಾದ ಜಾಗಕ್ಕೆ ಮತ್ತೆ ಗಾಳಿ.

ಬದಲಾಯಿಸೋ ಮುಂಚೆ ಉಷ್ಣತೆ ತೋರಿಸುವ ಸಾಫ್ಟ್‌ವೇರ್‌ನಲ್ಲಿ ನೋಡಿ. 70 ಡಿಗ್ರಿಯಲ್ಲೇ ನಿಧಾನವಾಗ್ತಿದ್ರೆ ತೊಂದರೆ ಬೇರೆ ಕಡೆ ಇರಬಹುದು, ರ‍್ಯಾಮ್ ನೋಡಿ. 95 ದಾಟುತ್ತಿದ್ರೆ ಮೊದಲು ಫ್ಯಾನ್‌ನ ಧೂಳು ತೆಗೆಯಿರಿ, ಎಷ್ಟೋ ಸಲ ಅಷ್ಟೇ ಸಾಕು. ಆಮೇಲೂ ಇಳಿಯದಿದ್ದರೆ ಪೇಸ್ಟ್ ಸರದಿ. ವಾರಂಟಿ ಇದ್ದರೆ ನೀವೇ ಬಿಚ್ಚೋಕೆ ಹೋಗಬೇಡಿ.

ಬಿಚ್ಚುವುದಾದರೆ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನಾರು ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿ. ಹೊಸದನ್ನು ಚಿಪ್ ಮುಚ್ಚುವಷ್ಟು ಮಾತ್ರ ತೆಳ್ಳಗೆ ಹಚ್ಚಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಅಕ್ಕಪಕ್ಕದ ಚಿಪ್‌ಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇದ್ದರೆ ಅದರ ಜಾಗಕ್ಕೆ ಪೇಸ್ಟ್ ಹಾಕಬೇಡಿ. ಅಲ್ಲಿರೋ ಸಂದು ಪೇಸ್ಟ್ ತುಂಬುವಷ್ಟು ಚಿಕ್ಕದಲ್ಲ.

ಇನ್ನು ಲಿಕ್ವಿಡ್ ಮೆಟಲ್. ವಾಹಕತೆ ಪೇಸ್ಟ್‌ಗಿಂತ ಎಷ್ಟೋ ಹೆಚ್ಚು ನಿಜ, ಪ್ಲೇಸ್ಟೇಷನ್ 5ರಲ್ಲೂ ಅದನ್ನೇ ಬಳಸಿದ್ದಾರೆ. ಆದರೆ ಅದು ಗ್ಯಾಲಿಯಂ ಮಿಶ್ರಲೋಹ. ವಿದ್ಯುತ್ ಹರಿಸುತ್ತೆ, ಒಂದು ಹನಿ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್. ಅಲ್ಯೂಮಿನಿಯಂ ಸೋಕಿದರೆ ಅದರೊಳಗೆ ಇಳಿದು ಬಿಸ್ಕತ್ತಿನ ಹಾಗೆ ಪುಡಿಯಾಗಿಸುತ್ತೆ. ಕಲಿಯುವ ಕೈಗೆ ಅದು ಬೇಡ.

ಒಂದು ಟ್ಯೂಬ್ ಪೇಸ್ಟ್‌ಗೆ ಕೆಲವು ನೂರು ರೂಪಾಯಿ, ಹೊಸ ಲ್ಯಾಪ್‌ಟಾಪ್‌ಗೆ ಅರ್ಧ ಲಕ್ಷ. ಮನೆಗೆ ಫೋನ್ ಮಾಡೋದು ಆಮೇಲೆ, ಮೊದಲು ಉಷ್ಣತೆ ನೋಡಿ.