ಕೊಟ್ಟೂರಿನ ಅಲಸಂದಿ, ಜಪಾನಿನ ಹೂರಣ

ಮದುವೆ, ಸೀಮಂತ, ತೇರು ಎಂದು ಕೊಟ್ಟೂರಿನ ಸುತ್ತಮುತ್ತ ಹೋಳಿಗೆ ಮಾಡಿಕೊಡುವುದು ನನ್ನ ಕಸುಬು. ಮೊಬೈಲಿನಲ್ಲಿ ಜಪಾನಿನ ಮೋಚಿ (ಅಂಟಕ್ಕಿಯ ಮುದ್ದೆ), ದಾಯಿಫುಕು (ಹೂರಣ ತುಂಬಿದ ಮೋಚಿ) ನೋಡಿದ ಓಣಿಯ ಹುಡುಗಿಯರು ‘ಅಕ್ಕಾ, ಅದರ ಹಿಟ್ಟು ಬೆಂಗಳೂರಿನಿಂದ ತರಿಸಬೇಕೇನ್ರಿ?’ ಎಂದು ಕೇಳುತ್ತಾರೆ. ಬೇಡ. ಬೇಕಾದದ್ದು ಹಗರಿಬೊಮ್ಮನಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಹರಪನಹಳ್ಳಿಯ ಸಂತೆಯಲ್ಲೂ ಸಿಗುತ್ತದೆ. ಜಪಾನಿನ ಹಳೆಯ ಸಿಹಿಗಳಿಗೆ ವಾಗಶಿ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕಾಳು, ಅಕ್ಕಿ, ಸಕ್ಕರೆಯಿಂದಲೇ ಆಗುವಂಥವು. ಹಾಲು, ತುಪ್ಪ, ಮೊಟ್ಟೆ ಬೇಕಾಗುವುದು ಅಪರೂಪ. ಹೂರಣ ಕಟ್ಟಿ ಗೊತ್ತಿರುವವರಿಗೆ ಅರ್ಧ ಕೆಲಸ ಬಂದಂತೆಯೇ.

ಆ ಸಿಹಿಗಳ ಜೀವಾಳ ಆಂಕೊ. ಅದು ಅಜುಕಿ ಎಂಬ ಕೆಂಪು ಕಾಳಿನ ಹೂರಣ. ಅಜುಕಿ ನಮ್ಮ ಹೆಸರು, ಉದ್ದು, ಅಲಸಂದಿಗಳ ಕುಲದ್ದೇ. ನಾಲ್ಕನ್ನೂ ಸಸ್ಯಶಾಸ್ತ್ರ ವಿಗ್ನಾ ಎಂಬ ಒಂದೇ ಗುಂಪಿಗೆ ಸೇರಿಸುತ್ತದೆ. ಟೋಕಿಯೊ ಕಡೆ ಶುಭಕಾರ್ಯದ ಕೆಂಪನ್ನಕ್ಕೆ ಅಜುಕಿಯ ಬದಲು ಸಸಾಗೆ ಹಾಕುವ ರೂಢಿ ಇದೆ. ಅಜುಕಿ ಬೇಯುವಾಗ ಸಿಪ್ಪೆ ಒಡೆಯುತ್ತದೆ, ಅದು ಹೊಟ್ಟೆ ಸೀಳಿಕೊಂಡಂತೆ ಕಾಣುತ್ತದೆ ಎಂದು ಸಮುರಾಯಿಗಳು ಅಪಶಕುನವೆಂದು ಎಣಿಸಿದರಂತೆ. ಆ ಸಸಾಗೆ ಬೇರೇನೂ ಅಲ್ಲ, ಅಲಸಂದಿ. ಕೂಡ್ಲಿಗಿಯ ಮಳೆಯಾಶ್ರಿತ ಹೊಲಗಳಲ್ಲಿ ಅಕ್ಕಡಿ ಸಾಲಿಗೆ ಬಿತ್ತುವ ಕಾಳು ಜಪಾನಿನಲ್ಲಿ ಶುಭದ ತಟ್ಟೆ ಏರುತ್ತದೆ ಎಂಬುದು ನನಗೆ ಬಲು ಹಿಗ್ಗಿನ ಸಂಗತಿ.

ಕೆಂಪು ಅಲಸಂದಿ ಕಾಲು ಕಿಲೋ ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಂದು ಕುದಿ ಬಂದ ಮೇಲೆ ಆ ನೀರನ್ನು ಪೂರ್ತಿ ಚೆಲ್ಲಿ. ಕಾಳಿನ ಒಗರು ಅದರಲ್ಲೇ ಹೋಗುತ್ತದೆ. ಹೊಸ ನೀರು ಹಾಕಿ, ಬೆರಳಲ್ಲಿ ಹಿಚುಕಿದರೆ ನುಣ್ಣಗಾಗುವಷ್ಟು ಬೇಯಿಸಿ ಬಸಿಯಿರಿ. ಈ ಎರಡನೆಯ ಕಟ್ಟನ್ನು ಮಾತ್ರ ಬಿಡಬೇಡಿ, ಸಾರಿಗೆ ಬಹಳ ರುಚಿ. ಕಾಳು ಬೇಯುವ ಮೊದಲೇ ಬೆಲ್ಲ ಬಿದ್ದರೆ ಅದು ಗಟ್ಟಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಕಾಳನ್ನು ಜರಡಿಯಲ್ಲಿ ತಿಕ್ಕಿ ಸಿಪ್ಪೆ ತೆಗೆದ ನಂತರವೇ ಇನ್ನೂರು ಗ್ರಾಂ ಬೆಲ್ಲ ಕರಗಿಸಿ, ಸೋಸಿ ಸೇರಿಸಿ. ಬಾಣಲೆಯ ತಳದಲ್ಲಿ ಸೌಟು ಎಳೆದರೆ ಗೆರೆ ನಿಲ್ಲುವವರೆಗೆ ಮಗುಚಿ, ಚಿಟಿಕೆ ಉಪ್ಪು ಹಾಕಿ ಇಳಿಸಿ. ಏಲಕ್ಕಿ ಹಾಕಬೇಡಿ. ಕೈ ತಾನಾಗಿ ಡಬ್ಬಿಯ ಕಡೆ ಹೋಗುತ್ತದೆ, ಆದರೆ ಏಲಕ್ಕಿ ಬಿದ್ದರೆ ಅದು ನಮ್ಮ ಹೋಳಿಗೆಯ ಹೂರಣವೇ ಆಗಿಬಿಡುತ್ತದೆ. ಇಲ್ಲಿ ಕಾಳಿನ ಪರಿಮಳವೇ ಮುಂದೆ ನಿಲ್ಲಬೇಕು.

ಬೆಲ್ಲ ಹಾಕಿದರೆ ಜಪಾನಿನದಲ್ಲ ಎಂದುಕೊಳ್ಳಬೇಡಿ. ಓಕಿನಾವಾ ದ್ವೀಪಗಳಲ್ಲಿ ಕಬ್ಬಿನ ಹಾಲು ಕಾಯಿಸಿ ಕೊಕುತೊ ಎಂಬ ಕಪ್ಪು ಬೆಲ್ಲ ಮಾಡುತ್ತಾರೆ. ಆ ವಿದ್ಯೆ 1623ರಲ್ಲಿ ಚೀನಾದಿಂದ ಅಲ್ಲಿಗೆ ಬಂತು ಎನ್ನುತ್ತಾರೆ. ಅದರ ಪಾಕವನ್ನು ಮೋಚಿಯ ಮೇಲೆ ಸುರಿದು, ಹುರಿದ ಸೋಯಾ ಕಾಳಿನ ಹಿಟ್ಟು ಉದುರಿಸುತ್ತಾರೆ. ನಾನು ಸೋಯಾ ಬದಲು ಪುಠಾಣಿ ಹಿಟ್ಟು ಬಳಸುತ್ತೇನೆ. ಮಂಡಕ್ಕಿ ವಗ್ಗರಣೆ ತಿನ್ನುವ ಮನೆಗಳಲ್ಲಿ ಅದು ಇದ್ದೇ ಇರುತ್ತದೆ.

ನಿಜವಾದ ತೊಡಕು ಅಕ್ಕಿಯದು. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ: ಅಮೈಲೋಸ್ ಅನ್ನವನ್ನು ಉದುರುದುರಾಗಿಸುತ್ತದೆ, ಅಮೈಲೋಪೆಕ್ಟಿನ್ ಅಂಟಾಗಿಸುತ್ತದೆ. ಮೋಚಿಯ ಅಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಸೋನಾ ಮಸೂರಿಯಲ್ಲಿ ಅದು ಸಾಕಷ್ಟಿದೆ. ಹಾಗಾಗಿ ಮೂರು ಪಾಲು ಅಕ್ಕಿ ಹಿಟ್ಟಿಗೆ ಒಂದು ಪಾಲು ಸಬ್ಬಕ್ಕಿಯ ನುಣ್ಣನೆ ಪುಡಿ ಬೆರೆಸಿ. ಮರಗೆಣಸಿನ ಆ ಪಿಷ್ಟ ಜಿಗಿ ಕೊಡುತ್ತದೆ. ಜೋಳದ ರೊಟ್ಟಿಗೆ ಎಸರು ಹಾಕಿದ ಹಾಗೆ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ನಾದಿ, ಸಣ್ಣ ಉಂಡೆ ಮಾಡಿ ಕುದಿನೀರಿಗೆ ಬಿಡಿ. ತೇಲಿದ ಮೇಲೆ ಎರಡು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ. ಇದು ದಾಂಗೊ. ಜಪಾನಿನಲ್ಲೂ ದಾಂಗೊವನ್ನು ಸಾಮಾನ್ಯ ಅಕ್ಕಿಯ ಹಿಟ್ಟಿನಿಂದ ಮಾಡುವುದುಂಟು. ದಾಯಿಫುಕುವಿನಷ್ಟು ಎಳೆಎಳೆಯಾದ ಮೆದುತನ ಈ ಹಿಟ್ಟಿಗೆ ಬರುವುದಿಲ್ಲ, ಬರುತ್ತದೆ ಎಂದು ಹೇಳಲಾರೆ.

ಅದಕ್ಕಿಂತ ಕಶಿವಾಮೋಚಿ ನಮಗೆ ಹೊಂದುತ್ತದೆ. ಮೇ 5ರ ಮಕ್ಕಳ ಹಬ್ಬಕ್ಕೆ ಅಕ್ಕಿ ಹಿಟ್ಟಿನ ಹಾಳೆಯೊಳಗೆ ಆಂಕೊ ಇಟ್ಟು, ಓಕ್ ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ನಾನು ಅದೇ ಹಿಟ್ಟನ್ನು ಅಂಗೈ ಅಗಲ ತಟ್ಟಿ, ಹೂರಣ ಇಟ್ಟು ಮಡಚಿ, ತೊಳೆದ ಮುತ್ತುಗದ ಎಲೆಯ ಮೇಲೆ ಹತ್ತು ನಿಮಿಷ ಹಬೆಯಲ್ಲಿ ಬೇಯಿಸುತ್ತೇನೆ. ಎಲೆಯ ಕಂಪು ಹಿಟ್ಟಿಗೆ ಹತ್ತುತ್ತದೆ. ಸಂಜೆಯೊಳಗೆ ತಿಂದು ಮುಗಿಸಿ; ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬಿಗಿದು ಗಟ್ಟಿಯಾಗುತ್ತದೆ.

ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ಬಿಸಿಲು ಬೀಳುವ ನಮ್ಮ ಸೀಮೆಗೆ ಎಲ್ಲಕ್ಕಿಂತ ಒಪ್ಪುವುದು ಯೋಕನ್ ಎಂಬ ಹೆಪ್ಪುಗಟ್ಟಿಸಿದ ಹೂರಣದ ಸಿಹಿ. ಚೀನಾದಲ್ಲಿ ಅದು ಕುರಿಮಾಂಸದ ಸಾರಾಗಿತ್ತು. ಮಾಂಸ ತಿನ್ನದ ಝೆನ್ ಸನ್ಯಾಸಿಗಳು ಜಪಾನಿನಲ್ಲಿ ಮಾಂಸದ ಜಾಗಕ್ಕೆ ಕಾಳನ್ನು ತಂದರು, ಮುಂದೆ ಅದು ಸಿಹಿಯಾಯಿತು. ಉಜ್ಜಿನಿ, ಕೊಟ್ಟೂರು ಮಠಗಳ ಭಕ್ತರ ಮನೆಗಳಲ್ಲಿ ಯಾವ ಅಳುಕೂ ಇಲ್ಲದೆ ಮಾಡಬಹುದು. ಹೆಪ್ಪುಗಟ್ಟಿಸಲು ಜೆಲಾಟಿನ್ ಬೇಡ; ಅದು ಪ್ರಾಣಿಜನ್ಯ, ನಮ್ಮ ಸೆಕೆಗೆ ಕರಗಿಯೂ ಹೋಗುತ್ತದೆ. ಯೋಕನ್‌ಗೆ ಹಾಕುವುದು ಕಡಲ ಪಾಚಿಯಿಂದ ತೆಗೆದ ಅಗರ್, ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿದರೆ ಕೊಡುತ್ತಾರೆ. ಅದು ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಮತ್ತೆ ಕರಗಲು ಎಂಬತ್ತು ದಾಟಬೇಕು. 10 ಗ್ರಾಂ ಪೊಟ್ಟಣವನ್ನು ನೆನೆಸಿ, ಅರ್ಧ ಲೀಟರ್ ನೀರಿನಲ್ಲಿ ಒಂದೆಳೆಯೂ ಕಾಣದಂತೆ ಕುದಿಸಿ, ಅರ್ಧ ಕಿಲೋ ಅಲಸಂದಿ ಹೂರಣ ಬೆರೆಸಿ ಟಿಫಿನ್ ಡಬ್ಬಿಗೆ ಸುರಿಯಿರಿ. ಆರಿದ ಮೇಲೆ ಬರ್ಫಿಯಂತೆ ಕೊಯ್ಯಬಹುದು.

ಈ ಸಿಹಿಗಳಿಗೆ ಹಸಿರು ಚಹಾದ ಪುಡಿ ಮಚ್ಚಾದ ಬದಲು ನುಗ್ಗೆಸೊಪ್ಪಿನ ಪುಡಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಣ್ಣ ಬರುತ್ತದೆ, ರುಚಿ ಕೆಡುತ್ತದೆ. ಕಂಪು ಬೇಕಿದ್ದರೆ ಹಡಗಲಿಯ ಮಲ್ಲಿಗೆ ಇದೆ. ಔಷಧಿ ಸಿಂಪಡಿಸದ ಹಿತ್ತಲಿನ ಮೊಗ್ಗನ್ನು ಸಂಜೆ ಒಂದು ಬಟ್ಟಲಿಗೆ ಹಾಕಿ, ಸಕ್ಕರೆಯ ಡಬ್ಬಿಯೊಳಗೆ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಹೂವು ತೆಗೆದು ಆ ಸಕ್ಕರೆಯನ್ನು ದಾಂಗೊ ಮೇಲೆ ಉದುರಿಸಿ.

ಜಪಾನಿನಲ್ಲಿ ಹೊಸ ವರ್ಷದ ಮೋಚಿ ಗಂಟಲಿಗೆ ಸಿಕ್ಕಿ ವಯಸ್ಸಾದವರು ಸಾಯುವುದುಂಟು. ಟೋಕಿಯೊದ ಅಗ್ನಿಶಾಮಕ ಇಲಾಖೆ ಚಿಕ್ಕದಾಗಿ ಕತ್ತರಿಸಿ ಕೊಡಿ ಎಂದು ಎಚ್ಚರಿಸುತ್ತದೆ. ಅಜ್ಜ-ಅಜ್ಜಿಗೆ, ಸಣ್ಣ ಮಕ್ಕಳಿಗೆ ದಾಂಗೊ ಕೊಡುವಾಗ ಕಾಳಿನಷ್ಟು ಚೂರು ಮಾಡಿ, ಪಕ್ಕದಲ್ಲೇ ಕುಳಿತು ತಿನ್ನಿಸಿ. ಯೋಕನ್ ಆದರೆ ಹಲ್ಲಿಲ್ಲದ ಬಾಯಿಗೂ ಸಲೀಸು.