ಉಳುಕಿದ ಕಾಲಿಗೆ ಕಟ್ಟುವ ಪಟ್ಟಿ

ಕಬಡ್ಡಿಯ ಅಂಕಣದಲ್ಲಿಯೋ, ಮೆಟ್ಟಿಲಿಳಿಯುವಾಗಲೋ, ಗದ್ದೆಯ ಬದುವಿನ ಮೇಲೋ ಪಾದವು ಒಮ್ಮೆಲೇ ಒಳಮಗ್ಗುಲಿಗೆ ಹೊರಳಿ, ದೇಹದ ಭಾರವೆಲ್ಲ ಅದರ ಮೇಲೆ ಬಿದ್ದಿತೆನ್ನೋಣ. ಆ ಕ್ಷಣದಲ್ಲಿಯೇ ಕಡುನೋವು. ಸ್ವಲ್ಪ ಹೊತ್ತಿನಲ್ಲಿ ಬಾವು. ಮರುದಿನ ಹರಡಿನ ಸುತ್ತಲೂ ನೀಲಿಗಟ್ಟಿದ ಚರ್ಮ. ಇದನ್ನೇ ನಾವು ಉಳುಕು ಎನ್ನುತ್ತೇವೆ. ಮನೆಯವರು ಒಡನೆಯೇ ಔಷಧದ ಅಂಗಡಿಯಿಂದ ಕ್ರೇಪ್ ಬ್ಯಾಂಡೇಜನ್ನು ತರಿಸಿ ಸುತ್ತುತ್ತಾರೆ. ಬಿಗಿಯಾದಷ್ಟೂ ಒಳ್ಳೆಯದೆಂಬುದು ಹಲವರ ನಂಬಿಕೆ. ಈ ನಂಬಿಕೆ ಸರಿಯೇ? ಆ ಪಟ್ಟಿಯು ನಿಜವಾಗಿ ಮಾಡುವ ಕೆಲಸವೇನು? ಅದು ಮಾಡಲಾರದ ಕೆಲಸ ಯಾವುದು? ಇವನ್ನು ತಿಳಿಯಬೇಕಾದರೆ ಮೊದಲು ಕೀಲಿನೊಳಗೆ ಏನಾಯಿತೆಂಬುದನ್ನು ನೋಡಬೇಕು.

ಎಲುಬುಗಳು ಒಂದನ್ನೊಂದು ಸೇರುವ ಎಡೆಯೇ ಕೀಲು. ಅಲ್ಲಿ ಅವು ಅತ್ತಿತ್ತ ಜಾರದಂತೆ ಬಿಗಿದಿಟ್ಟಿರುವ ಬಿಳಿಯ ನಾರಿನ ಪಟ್ಟಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಇವು ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿಂದಾದುವು. ವಿಶ್ರಾಂತಿಯಲ್ಲಿ ಈ ಎಳೆಗಳು ಸಣ್ಣ ಸಣ್ಣ ಅಲೆಗಳಂತೆ ಮಡಿಚಿಕೊಂಡಿರುತ್ತವೆ. ಎಳೆದಾಗ ಮೊದಲು ಅಲೆಗಳು ನೆಟ್ಟಗಾಗುತ್ತವೆ. ಇನ್ನೂ ಎಳೆದರೆ ಎಳೆಗಳು ಹರಿಯುತ್ತವೆ. ಹರಡಿನ ಹೊರಮಗ್ಗುಲಿನಲ್ಲಿ ಇಂತಹ ಮೂರು ರಜ್ಜುಗಳಿವೆ. ಪಾದವು ಒಳಕ್ಕೆ ಹೊರಳಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವುದು ಇವುಗಳಲ್ಲಿ ಮುಂದಿನದು. ಕೆಲವೇ ಎಳೆಗಳು ಹರಿದರೆ ಅದು ಸಣ್ಣ ಉಳುಕು. ರಜ್ಜುವೇ ಪೂರ್ತಿಯಾಗಿ ತುಂಡಾದರೆ ಅದು ದೊಡ್ಡ ಉಳುಕು.

ಇನ್ನು ಬಾವು ಏಕೆ ಬರುತ್ತದೆ? ಹರಿದ ಎಡೆಯಲ್ಲಿ ಸಣ್ಣ ರಕ್ತನಾಳಗಳೂ ಒಡೆದಿರುತ್ತವೆ. ಅಲ್ಲದೆ ಪೆಟ್ಟು ಬಿದ್ದ ಅಂಗಾಂಶವು ಹೊರಸೂಸುವ ರಾಸಾಯನಿಕಗಳಿಂದ ಸುತ್ತಲಿನ ಲೋಮನಾಳಗಳ ಗೋಡೆ ಸಡಿಲವಾಗಿ ದ್ರವವು ಹೊರಕ್ಕೆ ಜಿನುಗುತ್ತದೆ. ಲೋಮನಾಳದಿಂದ ದ್ರವವು ಹೊರಬರುವುದೂ ಒಳಹೋಗುವುದೂ ಗೋಡೆಯ ಎರಡು ಕಡೆಯ ಒತ್ತಡಗಳ ಹೆಚ್ಚುಕಡಮೆಯನ್ನು ಅವಲಂಬಿಸಿದೆಯೆಂದು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ ೧೮೯೬ರಲ್ಲಿ ತೋರಿಸಿದನು. ಪಟ್ಟಿಯ ಮೊದಲ ಉಪಯೋಗ ಇಲ್ಲಿಯೇ ಇದೆ. ಅದು ಹೊರಗಿನಿಂದ ಮಿತವಾದ ಒತ್ತಡವನ್ನು ಕೊಟ್ಟು ಜಿನುಗುವಿಕೆಗೆ ಎದುರಾಗಿ ನಿಲ್ಲುತ್ತದೆ.

ಆದರೆ ಈ ಒತ್ತಡವೆಷ್ಟು? ಕೈಯ ಅಂದಾಜಿಗೆ ಇದು ಸುಲಭವಾಗಿ ಸಿಕ್ಕುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನ ನಿಯಮವೊಂದು ಇದಕ್ಕೆ ಅನ್ವಯಿಸುತ್ತದೆ. ಪಟ್ಟಿಯನ್ನು ಎಳೆದ ಬಿಗಿತ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಸುತ್ತುಗಳ ಪದರ ಎರಡಾದರೆ ಒತ್ತಡವೂ ಇಮ್ಮಡಿಯಾಗುತ್ತದೆ. ಅಂಗದ ಸುತ್ತಳತೆಯೂ ಪಟ್ಟಿಯ ಅಗಲವೂ ಕಡಮೆಯಾದಂತೆ ಒತ್ತಡ ಏರುತ್ತದೆ. ಹರಡಿನ ಮೇಲ್ಗಡೆ ಸುತ್ತಳತೆ ೨೨ ಸೆಂಟಿಮೀಟರು, ಮೀನಖಂಡದಲ್ಲಿ ೩೩ ಸೆಂಟಿಮೀಟರು ಇದೆಯೆನ್ನಿ. ಒಂದೇ ಬಿಗಿತದಲ್ಲಿ ಸುತ್ತಿದರೂ ಹರಡಿನ ಬಳಿ ಒತ್ತಡವು ಮೀನಖಂಡದಲ್ಲಿರುವುದರ ಒಂದೂವರೆಯಷ್ಟಾಗುತ್ತದೆ. ಇದು ನಮಗೆ ಅನುಕೂಲವೇ. ಏಕೆಂದರೆ ಕೆಳಗೆ ಹೆಚ್ಚು, ಮೇಲೆ ಕಡಮೆ ಒತ್ತಡವಿದ್ದರೆ ದ್ರವವು ಹೃದಯದ ಕಡೆಗೆ ಸರಿಯುತ್ತದೆ. ಇದನ್ನು ತಿಳಿಯದೆ ಮೇಲಿನ ಸುತ್ತನ್ನೇ ಬಿಗಿದರೆ, ಅಥವಾ ಪಟ್ಟಿಯು ಮಡಿಚಿ ಹಗ್ಗದಂತಾದರೆ, ಹಿಂದಿರುಗಬೇಕಾದ ರಕ್ತಕ್ಕೆ ಅಣೆ ಕಟ್ಟಿದಂತಾಗಿ ಪಾದವು ಮತ್ತಷ್ಟು ಊದಿಕೊಳ್ಳುವುದು.

ಬಿಗಿತದ ಅಪಾಯ ಊತದಲ್ಲಿಯೇ ಮುಗಿಯುವುದಿಲ್ಲ. ಬಿಗಿಯಾದ ಕಟ್ಟುಗಳ ಕೆಳಗೆ ರಕ್ತ ಸಂಚಾರ ನಿಂತು ಸ್ನಾಯುಗಳು ಸತ್ತು, ಕೈಬೆರಳುಗಳು ಶಾಶ್ವತವಾಗಿ ಮುದುಡಿಹೋಗುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮಾನ್ ೧೮೮೧ರಲ್ಲಿ ವರ್ಣಿಸಿದನು. ಆ ವಿಕಾರಕ್ಕೆ ಇಂದಿಗೂ ಅವನ ಹೆಸರೇ ಇದೆ. ಸ್ನಾಯುವು ರಕ್ತವಿಲ್ಲದೆ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರದು. ಬಿದಿರಿನ ದಬ್ಬೆಗಳನ್ನಿಟ್ಟು ಬಿಗಿದ ಕಟ್ಟಿನಿಂದ ಅಂಗವೇ ಕೊಳೆತು, ಅದನ್ನು ಕತ್ತರಿಸಬೇಕಾಗಿ ಬಂದ ಪ್ರಸಂಗಗಳು ನಮ್ಮ ದೇಶದಲ್ಲಿ ಉಂಟು. ಕಟ್ಟಿದ ಮೇಲೆ ನೋವು ಇಳಿಯದೆ ಏರುತ್ತ ಹೋದರೆ "ಸಹಿಸಿಕೊ" ಎನ್ನುವುದು ಧೈರ್ಯವಲ್ಲ, ಅಜ್ಞಾನ.

ಹಾಗಾದರೆ ಕಟ್ಟುವ ಕ್ರಮವೇನು? ಪಾದವನ್ನು ಕಾಲಿಗೆ ಲಂಬವಾಗಿ ನಿಲ್ಲಿಸಬೇಕು. ಸುಮಾರು ೭.೫ರಿಂದ ೧೦ ಸೆಂಟಿಮೀಟರು ಅಗಲದ ಪಟ್ಟಿಯನ್ನು ಕಾಲ್ಬೆರಳುಗಳ ಬುಡದಿಂದ ಆರಂಭಿಸಿ, ಹರಡಿನ ಸುತ್ತ ಇಂಗ್ಲಿಷಿನ ಎಂಟರ ಅಂಕಿಯಂತೆ ಹಾಯಿಸುತ್ತ ಮೇಲಕ್ಕೆ ಒಯ್ಯಬೇಕು. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಲಿ. ಪಟ್ಟಿಯನ್ನು ಪೂರ್ತಿ ಜಗ್ಗದೆ, ಅದು ಹಿಗ್ಗಬಲ್ಲಷ್ಟರ ಅರ್ಧದಷ್ಟು ಮಾತ್ರ ಎಳೆದರೆ ಸಾಕು. ಬೆರಳುಗಳನ್ನು ಮುಚ್ಚಬಾರದು, ಅವೇ ನಮ್ಮ ಕಾವಲುಗಾರರು. ಕಟ್ಟಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ. ಬಿಳುಪಾದ ಉಗುರು ಸುಮಾರು ಎರಡು ಸೆಕೆಂಡುಗಳಲ್ಲಿ ಮತ್ತೆ ಕೆಂಪೇರಬೇಕು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಪಟ್ಟಿಯನ್ನು ತಕ್ಷಣವೇ ಬಿಚ್ಚಬೇಕು. ಮಲಗುವಾಗ ತೆಗೆದುಬಿಡುವುದು ಲೇಸು. ಕ್ರೇಪ್ ಬಟ್ಟೆಯು ಹಿಗ್ಗುವುದು ಅದರ ನೂಲಿಗೆ ಕೊಟ್ಟಿರುವ ಹೆಚ್ಚಿನ ಹುರಿಯಿಂದ. ಬಳಸಿ ಸಡಿಲಗೊಂಡ ಪಟ್ಟಿಯನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಒಗೆದರೆ ಅದರ ಜಗ್ಗುವ ಗುಣ ಬಹುಮಟ್ಟಿಗೆ ಮರಳುವುದು.

ಪಟ್ಟಿ ಕಟ್ಟುವ ಮೊದಲು ಇನ್ನೊಂದು ಪ್ರಶ್ನೆಯುಂಟು: ಎಲುಬು ಮುರಿದಿದೆಯೇ? ಕೆನಡಾ ದೇಶದ ಒಟಾವಾ ನಗರದ ವೈದ್ಯರು ೧೯೯೨ರಲ್ಲಿ ಇದಕ್ಕೆ ಸರಳವಾದ ನಿಯಮಗಳನ್ನು ಪ್ರಕಟಿಸಿದರು. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ವೇಳೆಯಲ್ಲಿಯೂ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಹರಡಿನ ಗಂಟಿನ ತುದಿಯಲ್ಲಾಗಲಿ ಹಿಂಬದಿಯ ಕೆಳಗಿನ ೬ ಸೆಂಟಿಮೀಟರಿನಲ್ಲಾಗಲಿ ಎಲುಬನ್ನು ಒತ್ತಿದಾಗ ನೋವಾದರೆ, ಕ್ಷಕಿರಣ ಚಿತ್ರ ಬೇಕು. ಪಾದದ ನಡುಭಾಗದ ಕೆಲವು ಎಲುಬುಗಳಿಗೂ ಇಂತಹದೇ ನಿಯಮವಿದೆ. ಈ ಲಕ್ಷಣಗಳಿದ್ದಾಗ ಪಟ್ಟಿಯನ್ನು ನಂಬಿ ಕುಳಿತುಕೊಳ್ಳಬಾರದು. ಹೊಸ ಉಳುಕನ್ನು "ತೆಗೆಯಲು" ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ಸಲ್ಲದು. ಹರಿದ ನಾಳಗಳಿಂದ ರಕ್ತ ಇನ್ನಷ್ಟು ಸೋರುವುದು.

ಇಷ್ಟಾದರೂ ಪಟ್ಟಿಯು ಹರಿದ ರಜ್ಜುವನ್ನು ಕೂಡಿಸುವುದಿಲ್ಲ. ಅದನ್ನು ಹೊಸ ಎಳೆಗಳಿಂದ ಹೊಸೆಯುವವು ದೇಹದ ಜೀವಕೋಶಗಳು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಮತ್ತೆ ಹೊರಳುವ ಪಾದವನ್ನು ತಡೆದು ನಿಲ್ಲಿಸುವಷ್ಟು ಬಲವೂ ಮೆದುವಾದ ಪಟ್ಟಿಗಿಲ್ಲ. ಮಂಜುಗಡ್ಡೆ, ವಿಶ್ರಾಂತಿ, ಪಟ್ಟಿ, ಕಾಲನ್ನು ಎತ್ತಿಡುವುದು ಎಂಬ ನಾಲ್ಕರ ಸೂತ್ರವನ್ನು ಅಮೆರಿಕೆಯ ವೈದ್ಯ ಗೇಬ್ ಮಿರ್ಕಿನ್ ೧೯೭೮ರಲ್ಲಿ ಹೇಳಿದನು. ಆತನೇ ೨೦೧೪ರಲ್ಲಿ, ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ತನ್ನ ಮಾತನ್ನು ತಿದ್ದಿಕೊಂಡನು. ಮೊದಲ ಒಂದೆರಡು ದಿನಗಳ ಅನಂತರ ನೋವಿನ ಮಿತಿಯೊಳಗೆ ಕೀಲನ್ನು ಆಡಿಸಿ, ಮೆಲ್ಲನೆ ಭಾರ ಹಾಕುವುದೇ ಲೇಸೆಂಬುದು ಈಗಿನ ಅಭಿಪ್ರಾಯ.

ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದೇಕೆ? ರಜ್ಜುಗಳಲ್ಲಿ ಸಣ್ಣ ನರಾಗ್ರಗಳಿವೆ. ಕೀಲು ಎತ್ತ ವಾಲಿದೆಯೆಂಬ ಸುದ್ದಿಯನ್ನು ಅವು ಮಿದುಳಿಗೆ ತಲುಪಿಸುತ್ತವೆ. ಉಳುಕಿನಲ್ಲಿ ಇವೂ ಹಾಳಾಗುವುದರಿಂದ ಕೀಲು ಆಯ ತಪ್ಪುವುದೆಂದು ಬ್ರಿಟನ್ನಿನ ಶಸ್ತ್ರವೈದ್ಯ ಫ್ರೀಮನ್ ಮತ್ತು ಅವನ ಸಹೋದ್ಯೋಗಿಗಳು ೧೯೬೫ರಲ್ಲಿ ಸೂಚಿಸಿದರು. ಓದುಗರು ಒಮ್ಮೆ ಗೋಡೆಯ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ನಿಂತು ಕಣ್ಣು ಮುಚ್ಚಿ ನೋಡಲಿ. ಹರಡಿನ ಸುತ್ತಲಿನ ಸ್ನಾಯುಗಳು ಎಡೆಬಿಡದೆ ಮಿಡಿಯುವುದು ಅನುಭವಕ್ಕೆ ಬರುತ್ತದೆ. ಉಳುಕು ಇಳಿದ ಮೇಲೆ ಈ ಒಂಟಿಕಾಲಿನ ಅಭ್ಯಾಸವನ್ನೇ ದಿನವೂ ಮಾಡಿದರೆ ಮತ್ತೆ ಉಳುಕುವ ಸಂಭವ ಕಡಮೆಯಾಗುವುದು. ಚರ್ಮಕ್ಕೆ ತಾಗಿ ಎಚ್ಚರಿಸುವಷ್ಟು ಕೆಲಸವನ್ನು ಪಟ್ಟಿ ಮಾಡೀತು. ಕಲಿಯಬೇಕಾದುದು ಮಾತ್ರ ಕಾಲೇ.

ವಯಸ್ಸಾದವರ ಮಂಡಿನೋವಿಗೂ ಇದೇ ಮಾತು ಸಲ್ಲುತ್ತದೆ. ಪಟ್ಟಿಯ ಬೆಚ್ಚನೆಯ ಒತ್ತಿನಿಂದ ನಡೆಯುವಾಗ ಹಿತವೆನಿಸಬಹುದು. ಸವೆದ ಮೃದ್ವಸ್ಥಿ ಅದರಿಂದ ಬೆಳೆಯದು. ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದಿದ್ದರೆ, ಅಥವಾ ಪೆಟ್ಟಿಲ್ಲದೆಯೇ ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಪಟ್ಟಿಯನ್ನಲ್ಲ, ವೈದ್ಯರನ್ನು ಹುಡುಕಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರೂ ಕಾಲಿನ ಅಪಧಮನಿಗಳು ಕಿರಿದಾದವರೂ ವೈದ್ಯರ ಸಲಹೆಯಿಲ್ಲದೆ ಇದನ್ನು ಕಟ್ಟಿಕೊಳ್ಳಬಾರದು. ಬಿಗಿತದ ನೋವು ಒಬ್ಬರಿಗೆ ತಿಳಿಯದು, ಇನ್ನೊಬ್ಬರ ಅಂಗ ಅದನ್ನು ತಾಳದು.

ಮುಂದಿನ ಸಲ ಗೆಳೆಯನ ಕಾಲಿಗೆ ಪಟ್ಟಿ ಸುತ್ತುವಾಗ, ಕೈಯ ಬಿಗಿತಕ್ಕಿಂತ ಅವನ ಬೆರಳುಗಳ ಬಣ್ಣದ ಮೇಲೆ ನಮ್ಮ ಕಣ್ಣಿರಲಿ.